ಶಾರ್ವರಿಯ ಚಳಿಗಾಲಕ್ಕೆ ಮುನ್ನ ಪೆದ್ದಕಡುಬೂರು

ಆದವಾನಿಯ ಹತ್ತಿ ಮಾರುಕಟ್ಟೆಯ ಗದ್ದಲವನ್ನೂ ಕೋಟೆಯನ್ನು ಹೊತ್ತ ಬೋಳು ಗುಡ್ಡಗಳನ್ನೂ ಬೆನ್ನಿಗೆ ಬಿಟ್ಟು ಈಶಾನ್ಯದತ್ತ ಸಾಗಿದರೆ ಎರೆಯೂ ಮಸಾರಿಯೂ ಬೆರೆತ ವಿಶಾಲವಾದ ಬಯಲು ತೆರೆದುಕೊಳ್ಳುತ್ತದೆ. ಆ ಬಯಲಿನ ಮಂಡಲ ಕೇಂದ್ರವೇ ಪೆದ್ದಕಡುಬೂರು. ಹೆಸರಿನ ಮೊದಲ ಪದ ತೆಲುಗಿನದು, ಕೊನೆಯ ಪದ ಎರಡು ನುಡಿಗಳಿಗೂ ಸೇರಿದ್ದು. ಸುತ್ತಲಿನ ಬಸಲದೊಡ್ಡಿ, ಹುಲಿಕನ್ವಿ, ಕಂಬದಹಾಳ್, ನೌಲೇಕಲ್ ಎಂಬ ಹೆಸರುಗಳನ್ನು ಕೇಳಿದ ಕನ್ನಡ ಕಿವಿಗೆ ದೊಡ್ಡಿ, ಕಣಿವೆ, ಹಾಳು, ಕಲ್ಲುಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದವು. ಆದವಾನಿ ಮತ್ತು ಆಲೂರುಗಳು ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಾದವು. ಕಚೇರಿಯ ಭಾಷೆ ಬದಲಾಯಿತು. ಕಟ್ಟೆಯ ಮೇಲಿನ ಮಾತು ಇಂದಿಗೂ ಎರಡು ನುಡಿಗಳ ನಡುವೆ ಸರಾಗವಾಗಿ ಓಡಾಡುತ್ತದೆ.

ಅದು 2020ರ ನವೆಂಬರ್. ಮುಂಗಾರು ಆ ವರ್ಷ ವಾಡಿಕೆಗಿಂತ ಹೆಚ್ಚಾಗಿಯೇ ಸುರಿದು ಹೋಗಿತ್ತು. ಅತಿಮಳೆಗೆ ಶೇಂಗಾ ಕೊಳೆತ ಹೊಲಗಳಿದ್ದವು, ಬಿರಿದ ಹತ್ತಿ ಮಸುಕಾದ ಹೊಲಗಳಿದ್ದವು. ಆದರೆ ಎರೆ ನೆಲ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡಿತ್ತು. ಹಿಂಗಾರಿಗೆ ಬಿತ್ತಿದ ಕಡಲೆ ಮತ್ತು ಬಿಳಿಜೋಳಕ್ಕೆ ಇನ್ನು ಮೇಲೆ ಬೇಕಿದ್ದುದು ಚಳಿ ಮತ್ತು ಇಬ್ಬನಿ. ಈ ಸೀಮೆಯ ಒಕ್ಕಲಿಗರಿಗೆ ಚಳಿಗಾಲವೆಂದರೆ ಮೈ ನಡುಗಿಸುವ ಋತುವಲ್ಲ, ಬೆಳೆ ಬಲಿಸುವ ಋತು. ಬೆಳಗಿನ ಜಾವ ಕಡಲೆ ಗಿಡಗಳ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಡನೆ ನೆನೆದ ಹುಳಿಯನ್ನು ಹಿಂಡಿ ಸೀಸೆಯಲ್ಲಿ ತುಂಬಿಟ್ಟು ಹೊಟ್ಟೆನೋವಿಗೆ ಕೊಡುವ ಪದ್ಧತಿ ಎರೆಸೀಮೆಯ ಹಳೆಯ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಪೈರು ಸೊಂಟದೆತ್ತರ ನಿಂತಿದ್ದರೆ ಆ ವರ್ಷ ನೆಮ್ಮದಿಯ ವರ್ಷವೆಂದೇ ಲೆಕ್ಕ.

ಆ ಬಾರಿ ಚಳಿಗಾಲ ತಾನೊಂದೇ ಬರುತ್ತಿರಲಿಲ್ಲ. ಯೂರೋಪಿನಲ್ಲಿ ಚಳಿ ಕಾಲಿಡುತ್ತಿದ್ದಂತೆಯೇ ಕೊರೊನಾದ ಎರಡನೆಯ ಅಲೆ ಎದ್ದಿತ್ತು. ಫ್ರಾನ್ಸ್ ಅಕ್ಟೋಬರ್ ಕೊನೆಯಲ್ಲಿ, ಇಂಗ್ಲೆಂಡು ನವೆಂಬರ್ 5ರಂದು ಮತ್ತೆ ಬಾಗಿಲು ಮುಚ್ಚಿಕೊಂಡಿದ್ದವು. ದೆಹಲಿಯಲ್ಲೂ ಸೋಂಕು ಮರಳಿ ಏರುತ್ತಿತ್ತು. ಆಂಧ್ರದಲ್ಲಿ ಸೆಪ್ಟೆಂಬರಿನಲ್ಲಿ ದಿನಕ್ಕೆ ಹತ್ತು ಸಾವಿರ ಮುಟ್ಟಿದ್ದ ಹೊಸ ಪ್ರಕರಣಗಳು ಆಗ ಬಹಳಷ್ಟು ಇಳಿದಿದ್ದವಾದರೂ ಒಟ್ಟು ಸಂಖ್ಯೆ 8 ಲಕ್ಷವನ್ನು ದಾಟಿತ್ತು. ಪೆದ್ದಕಡುಬೂರಿನಂತಹ ಊರಿನಲ್ಲಿ ಈ ಅಂಕಿಗಳಿಗೆ ಅರ್ಥ ಬರುವುದು ಮನೆಗಳ ಕಟ್ಟಡದಿಂದ. ಕಲ್ಲುಗೋಡೆಯ ಮೇಲೆ ಮಣ್ಣು ಹೊದ್ದ ಮಾಳಿಗೆ ಮನೆಗಳವು. ಬೇಸಿಗೆಯಲ್ಲಿ ಊರಿಗೆ ಊರೇ ಮಾಳಿಗೆಯ ಮೇಲೋ ಅಂಗಳದಲ್ಲೋ ಮಲಗುತ್ತದೆ. ಚಳಿ ಬಂದೊಡನೆ ಮುದುಕರು, ಮಕ್ಕಳು, ಬಾಣಂತಿಯರೆಲ್ಲ ಕದವಿಕ್ಕಿದ ಒಂದೇ ಪಡಸಾಲೆಗೆ ಸೇರುತ್ತಾರೆ. ಗಾಳಿಗೆ ಉಳಿಯುವ ದಾರಿ ಗವಾಕ್ಷಿಯೊಂದೇ. ಚಳಿಗಾಲದ ನೆಗಡಿ, ಕೆಮ್ಮುಗಳಿಗೂ ಆಗಿನ ಹೊಸ ರೋಗಕ್ಕೂ ಹೊರನೋಟಕ್ಕೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ರೋಗ ಉಲ್ಬಣಿಸಿದರೆ ಆದವಾನಿ, ಅಲ್ಲಿಂದಾಚೆ ದೂರದ ಕರ್ನೂಲಿನ ದೊಡ್ಡಾಸ್ಪತ್ರೆ.

ಆದರೂ ಊರಿನ ಕಟ್ಟೆಯ ಮೇಲೆ ಆಗ ಕೇಳಿಬರುತ್ತಿದ್ದ ಪ್ರಶ್ನೆ ರೋಗದ್ದಾಗಿರಲಿಲ್ಲ.

“ಏನ್ ಯಣ್ಣ, ಈ ಸಾರಿ ಸುಗ್ಗಿಗೆ ಹೋಗ್ತೀರೇನು?”

“ಹೋಗ್ಲಿಲ್ಲಂದ್ರ ಸಾಲ ಯಾರು ತೀರಸ್ತಾರಪ?”

ಸುಗ್ಗಿ ಎಂದರೆ ಕನ್ನಡದ ಬೇರೆಲ್ಲ ಸೀಮೆಗಳಲ್ಲಿ ಕಣ ತುಂಬುವ ಸಂಭ್ರಮ. ಆದವಾನಿಯ ಸುತ್ತಲ ಕೋಸಿಗಿ, ಕೌತಾಳಂ, ಪೆದ್ದಕಡುಬೂರು ಮಂಡಲಗಳಲ್ಲಿ ಅದೇ ಪದಕ್ಕೆ ವಲಸೆ ಎಂದು ಅರ್ಥ. ತನ್ನ ಕಣ ತುಂಬದವನು ಇನ್ನೊಬ್ಬರ ಸುಗ್ಗಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಮುಂಗಾರಿನ ಕೆಲಸ ಮುಗಿದೊಡನೆ ಮೇಸ್ತ್ರಿ ಮುಂಗಡ ಕೊಡುತ್ತಾನೆ. ಗಂಡ, ಹೆಂಡತಿ, ಕೈಗೆ ಬಂದ ಮಕ್ಕಳು, ಕೈಗೂಸು, ಜೋಳದ ಚೀಲ, ಪಾತ್ರೆ, ಚಾಪೆಗಳೆಲ್ಲ ಒಂದೇ ಲಾರಿಗೆ ಏರುತ್ತವೆ. 300 ಕಿ.ಮೀ.ಗೂ ಮಿಕ್ಕ ದೂರದ ಗುಂಟೂರು ಸೀಮೆಯಲ್ಲಿ ಮೊದಲು ಹತ್ತಿ, ಆಮೇಲೆ ಮೆಣಸಿನಕಾಯಿ ಬಿಡಿಸುವ ಕೆಲಸ. ಹೊಲದ ಬದುವಿನ ಮೇಲೆ ಪ್ಲಾಸ್ಟಿಕ್ ಹಾಳೆಯ ಗುಡಾರವೇ ಮೂರು ನಾಲ್ಕು ತಿಂಗಳ ಮನೆ. ಊರಿನಲ್ಲಿ ಮುದುಕರು, ನಾಯಿಗಳು ಮತ್ತು ಬೀಗಗಳು ಉಳಿಯುತ್ತವೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಈ ಸೀಮೆಗೆ ಬರುತ್ತದೆ ನಿಜ. ಆದರೆ ಬಳ್ಳಾರಿಯ ಕಡೆಯ ಹೊಲಗಳನ್ನು ದಾಟಿ ಕಾಲುವೆಯ ಬಾಲದವರೆಗೆ ನೀರು ಬಂದು ತಲಪುವಷ್ಟರಲ್ಲಿ ಅದರ ರಭಸವೂ ಭರವಸೆಯೂ ಕುಗ್ಗಿರುತ್ತವೆ. ಮಳೆಯನ್ನೇ ನಂಬಿದ ಹೊಲಕ್ಕಂತೂ ವರ್ಷಕ್ಕೊಂದೇ ಬೆಳೆ.

ಸುಗ್ಗಿಗೆ ಹೋದವರು ಉಗಾದಿಗೆ ಮರಳುವುದು ವಾಡಿಕೆ. ಬೇವು ಬೆಲ್ಲ ತಿನ್ನುವುದು ಸ್ವಂತ ಹೊಸ್ತಿಲೊಳಗೆ ಎಂಬ ಹಟ ಈ ಜನರದು. 2020ರಲ್ಲಿ ಉಗಾದಿ ಬಂದದ್ದು ಮಾರ್ಚ್ 25ರಂದು. ದೇಶಕ್ಕೆ ಬೀಗ ಬಿದ್ದ ಮೊದಲ ದಿನವೂ ಅದೇ. ಅಂದು ಆರಂಭವಾದ ಸಂವತ್ಸರದ ಹೆಸರು ಶಾರ್ವರಿ, ಎಂದರೆ ಇರುಳು. ಹಬ್ಬಕ್ಕೆ ಹೊರಡಲು ಗಂಟು ಕಟ್ಟಿದ್ದವರು ಗುಂಟೂರಿನ ಹೊಲಗಳಲ್ಲೇ ಸಿಕ್ಕಿಬಿದ್ದರು. ಬಸ್ಸಿಲ್ಲ, ರೈಲಿಲ್ಲ, ಕೆಲಸವೂ ಇಲ್ಲ. ಏಪ್ರಿಲಿನಲ್ಲಿ ರಾಜ್ಯದಲ್ಲಿ ಅತಿ ಹೆಚ್ಚು ಸೋಂಕು ಕಂಡ ಜಿಲ್ಲೆಗಳ ಪೈಕಿ ಗುಂಟೂರು ಒಂದು, ಕರ್ನೂಲು ಇನ್ನೊಂದು. ಇದ್ದ ಜಾಗವೂ ಕೆಂಪು, ಸೇರಬೇಕಾದ ಜಾಗವೂ ಕೆಂಪು. ಮುಂದೆ ಸರಕಾರಿ ವಾಹನಗಳಲ್ಲಿ ಕೆಲವರು, ಸಿಕ್ಕಿದ ದಾರಿ ಹಿಡಿದು ಕೆಲವರು ಬೇಸಿಗೆಯ ನಡುವೆ ಜಿಲ್ಲೆಗೆ ಮರಳಿದರು. ಅವರಲ್ಲಿ ಅನೇಕರು ಮನೆಯ ಬೀಗ ತೆಗೆಯುವ ಮೊದಲು ಕ್ವಾರಂಟೈನಿನಲ್ಲಿ ದಿನ ಎಣಿಸಬೇಕಾಯಿತು.

ಹೀಗೆ ಮರಳಿದವರ ಮುಂದೆ ಮತ್ತೊಂದು ಸುಗ್ಗಿ ಆಗ ನಿಂತಿತ್ತು. ನವೆಂಬರ್ 14ರ ದೀಪಾವಳಿ ಕಳೆದರೆ ಮೇಸ್ತ್ರಿಗಳ ಓಡಾಟ ಬಿರುಸಾಗುವ ಕಾಲವಾಗಿತ್ತು. ಉಳಿಯಬೇಕೆನ್ನುವವರಿಗೆ ಇದ್ದ ಆಸರೆಗಳು ಒಂದೊಂದಾಗಿ ಕಳಚುತ್ತಿದ್ದುದೂ ಅದೇ ತಿಂಗಳಲ್ಲಿ. ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಯೋಜನೆಯಡಿ ತಲೆಗೆ 5 ಕಿಲೋದಂತೆ ಉಚಿತವಾಗಿ ಬರುತ್ತಿದ್ದ ಧಾನ್ಯದ ಅವಧಿ ನವೆಂಬರ್ 30ಕ್ಕೆ ಮುಗಿಯಲಿತ್ತು. ಜನರ ಬಾಯಲ್ಲಿ ‘ಉಪಾಧಿ ಕೆಲಸ’ ಎನಿಸಿಕೊಂಡ ಉದ್ಯೋಗ ಖಾತರಿ ಯೋಜನೆಯಲ್ಲಿ ಆ ವರ್ಷ ಆಂಧ್ರಕ್ಕೆ ನಿಗದಿಯಾಗಿದ್ದ ದಿನಗೂಲಿ 237 ರೂಪಾಯಿ. ಒಂದು ಕುಟುಂಬಕ್ಕೆ ಖಾತರಿ ಇದ್ದುದು ವರ್ಷದಲ್ಲಿ 100 ದಿನ. ಬೇರೆ ದುಡಿಮೆ ಇಲ್ಲದ ಬೇಸಿಗೆಯಲ್ಲೇ ಆ ದಿನಗಳನ್ನು ಬಳಸಿಕೊಂಡವರಿಗೆ ಚಳಿಗಾಲಕ್ಕೆ ಉಳಿದದ್ದು ಅತ್ಯಲ್ಪ. ಹತ್ತಿಗೆ ಆ ಸಾಲಿನ ಬೆಂಬಲ ಬೆಲೆ, ಉದ್ದ ಎಳೆಯದಕ್ಕೆ ಕ್ವಿಂಟಾಲಿಗೆ 5,825 ರೂಪಾಯಿ ಇತ್ತು. ಆದರೆ ಮಳೆಗೆ ನೆನೆದು ಬಣ್ಣಗೆಟ್ಟ ಹತ್ತಿಯನ್ನು ಹೊತ್ತು ಆದವಾನಿಗೆ ಹೋದವನಿಗೆ ಆ ಬೆಲೆ ಕೈಗೆಟುಕುವುದು ಸುಲಭವಾಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಆತಂಕ ಮಕ್ಕಳದು. ಸುಗ್ಗಿಗೆ ಹೋಗುವವರ ಮಕ್ಕಳು ಊರಿನಲ್ಲೇ ಉಳಿದು ಓದಲೆಂದು ಈ ಮಂಡಲಗಳಲ್ಲಿ ಸೀಜನಲ್ ಹಾಸ್ಟೆಲುಗಳನ್ನು ನಡೆಸುವ ಪದ್ಧತಿ ಇದೆ. ತಾಯಿತಂದೆ ಮರಳುವವರೆಗೆ ಶಾಲೆಯ ಆಸರೆಯಲ್ಲೇ ಊಟ, ನಿದ್ರೆ. ನವೆಂಬರ್ 2ರಂದು ರಾಜ್ಯದಲ್ಲಿ ಶಾಲೆಗಳು ತೆರೆದದ್ದು 9 ಮತ್ತು 10ನೆಯ ತರಗತಿಗಳಿಗೆ ಮಾತ್ರ. ಕೆಳಗಿನ ತರಗತಿಗಳ ಬಾಗಿಲು ಆಗಿನ್ನೂ ಮುಚ್ಚಿತ್ತು. ಶಾಲೆಯೇ ಇಲ್ಲದ ಮೇಲೆ ಎಂಟು ವರ್ಷದ ಹುಡುಗಿಯನ್ನು ಯಾರ ಬಳಿ ಬಿಡುವುದು? ಲಾರಿಯಲ್ಲಿ ಅವಳಿಗೂ ಒಂದು ಜಾಗವಾಗುತ್ತದೆ. ಗುಂಟೂರಿನಲ್ಲಿ ಅವಳು ತಂಗಿಯನ್ನು ಆಡಿಸುತ್ತಾಳೆ, ನೀರು ತರುತ್ತಾಳೆ, ಕೈ ಉರಿಸುವ ಕಾಯಿಯನ್ನೂ ಬಿಡಿಸುತ್ತಾಳೆ. ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 9ನೆಯ ಕಲಮು ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಗಡಿಯ ಊರಿನಲ್ಲಿ ಕನ್ನಡದಲ್ಲಿ ಅಕ್ಷರ ತಿದ್ದುತ್ತಿದ್ದ ಮಗು ಕೃಷ್ಣಾ ತೀರದ ಮೆಣಸಿನ ಹೊಲ ಸೇರಿದಾಗ ಈ ಎರಡು ಮಾತುಗಳೂ ಅದರ ಬೆನ್ನ ಹಿಂದೆಯೇ ಉಳಿದುಬಿಡುತ್ತವೆ.

ದೊಡ್ಡವರ ಪಾಲಿಗೆ ಕಾನೂನಿನ ಲೆಕ್ಕ ಇನ್ನೂ ವಿಚಿತ್ರ. ವಲಸೆ ಕಾರ್ಮಿಕರಿಗೆಂದೇ ಇದ್ದ 1979ರ ಕಾಯಿದೆ ಅಂತರರಾಜ್ಯ ವಲಸಿಗರಿಗೆ ಸಂಬಂಧಿಸಿದ್ದಾಗಿತ್ತು. ಗುತ್ತಿಗೆದಾರನ ಮೂಲಕ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರಿಗೆ ಪ್ರಯಾಣ ಭತ್ಯೆ, ಸ್ಥಳಾಂತರ ಭತ್ಯೆಗಳನ್ನು ಅದು ವಿಧಿಸುತ್ತಿತ್ತು. ಒಂದೇ ಮನೆಯ ಅಣ್ಣ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೂ ತಮ್ಮ ಮೆಣಸಿನಕಾಯಿಗೆ ಗುಂಟೂರಿಗೂ ಹೋದರೆ, ಅಣ್ಣ ಆ ಕಾಯಿದೆಯ ಕಣ್ಣಿಗೆ ಬೀಳಬಹುದಿತ್ತು, ತಮ್ಮ ಬೀಳುತ್ತಿರಲಿಲ್ಲ. ಅವನು ಎಷ್ಟೇ ದೂರ ಹೋದರೂ ರಾಜ್ಯದ ಗೆರೆಯನ್ನು ದಾಟಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾರ್ಮಿಕ ಸಂಹಿತೆ ಈ ಹಳೆಯ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿತಾದರೂ ಅಲ್ಲಿಯೂ ಲೆಕ್ಕಕ್ಕೆ ಬರುವುದು ರಾಜ್ಯ ದಾಟಿದವನೇ. 1953ರ ಗೆರೆ ಪೆದ್ದಕಡುಬೂರಿನ ನುಡಿಯನ್ನು ಒಂದು ಕಡೆಯಿಂದ ಹಿಡಿದರೆ ಅದರ ದುಡಿಮೆಯನ್ನು ಇನ್ನೊಂದು ಕಡೆಯಿಂದ ಹಿಡಿದಿದೆ.

ಜನ ಸೇರುವ ಸಂದರ್ಭಗಳೂ ಎದುರಿಗಿದ್ದವು. ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ನಿರ್ಬಂಧಗಳಿದ್ದರೂ ಬನ್ನಿ ಉತ್ಸವದ ಬಡಿಗೆಗಳು ಮೇಲೆದ್ದವು. ಗುರು ಮಕರ ರಾಶಿಗೆ ಬರಲಿದ್ದ ನವೆಂಬರ್ 20ರಿಂದ ಡಿಸೆಂಬರ್ 1ರವರೆಗೆ ತುಂಗಭದ್ರೆಯ ಪುಷ್ಕರವಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಈ ಪರ್ವಕ್ಕೆ ನೆರೆಯ ಮಂತ್ರಾಲಯವೇ ಮುಖ್ಯ ತಾಣಗಳಲ್ಲೊಂದು. ನದಿಗಿಳಿದು ಮುಳುಗುವ ಬದಲು ತಲೆಗೆ ನೀರು ಚಿಮುಕಿಸಿಕೊಂಡು ತೃಪ್ತರಾಗಬೇಕೆಂಬ ಮಾತು ಆ ಬಾರಿ ಕೇಳಿಬರುತ್ತಿತ್ತು. ಆಗಸ್ಟಿನಲ್ಲಿ ರಾಯರ 349ನೆಯ ಆರಾಧನೆ ಭಕ್ತರ ಸಂದಣಿಯಿಲ್ಲದೆ ನಡೆದಾಗ ಜನ ಮನೆಯಲ್ಲೇ ಕೈಮುಗಿದರು. ಆ ಸಂಯಮವನ್ನು ಪುಷ್ಕರದಲ್ಲೂ ತೋರಿದರೆ ನದಿಯ ಪಾವಿತ್ರ್ಯಕ್ಕೆ ಕುಂದೇನೂ ಬರುವಂತಿರಲಿಲ್ಲ.

ಈ ನೆಲಕ್ಕೆ ಪಿಡುಗು ಹೊಸದಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ದಖ್ಖಣದ ಒಳನಾಡಿಗೆ ಹಬ್ಬಿದಾಗ, ಇಲಿ ಬಿದ್ದೊಡನೆ ಊರಿಗೆ ಊರೇ ಮನೆ ತೊರೆದು ಹೊಲದ ಗುಡಿಸಲು ಸೇರುತ್ತಿತ್ತು. ಅದೂ ತಂಪು ಹೊತ್ತಿನಲ್ಲಿ ಕೆರಳಿ ಬೇಸಿಗೆಗೆ ತಗ್ಗುತ್ತಿದ್ದ ರೋಗ. 1918ರ ಇನ್‌ಫ್ಲುಯೆಂಜಾದ ಎರಡನೆಯ ಅಲೆ ಮೊದಲನೆಯದಕ್ಕಿಂತ ಕ್ರೂರವಾಗಿತ್ತು. ಆ ವರ್ಷ ಮಳೆಯೂ ಕೈಕೊಟ್ಟು ಹಸಿವೂ ರೋಗವೂ ಒಂದಾದವು. 2020 ಅಷ್ಟರಮಟ್ಟಿಗೆ ಭಿನ್ನ. ನೆಲದಲ್ಲಿ ತೇವವಿತ್ತು, ಕಡಲೆ ಚಿಗುರಿತ್ತು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸುತ್ತಿದ್ದ ಲಸಿಕೆಗೆ ಮೂರನೆಯ ಹಂತದ ಪರೀಕ್ಷೆಗೆ ಅನುಮತಿ ದೊರೆತಿತ್ತು. ನವೆಂಬರ್ 9ರಂದು ವಿದೇಶದಿಂದಲೂ ಒಂದು ಲಸಿಕೆಯ ಕುರಿತು ಒಳ್ಳೆಯ ಸುದ್ದಿ ಬಂದಿತ್ತು. ಆದರೆ ಲಸಿಕೆ ಆ ಚಳಿಗಾಲದಲ್ಲೇ ಈ ಬಯಲನ್ನು ತಲಪೀತೆಂದು ನಂಬಿ ಕುಳಿತುಕೊಳ್ಳುವಂತಿರಲಿಲ್ಲ.

ಕೈಯಲ್ಲಿದ್ದ ಉಪಾಯ ಇನ್ನೂ ಹತ್ತಿರದ್ದು. ರಾಜ್ಯದಲ್ಲಿ ಆಗ ಗ್ರಾಮ ಸಚಿವಾಲಯಗಳಿದ್ದವು, ಸುಮಾರು 50 ಮನೆಗಳಿಗೆ ಒಬ್ಬ ವಾಲಂಟೀರ್ ಇದ್ದ. ಪಿಂಚಣಿ ಹಣವನ್ನು ತಿಂಗಳ ಮೊದಲ ದಿನ ಮನೆಬಾಗಿಲಿಗೆ ತಲಪಿಸುತ್ತಿದ್ದವರೂ, ಜ್ವರದ ಸಮೀಕ್ಷೆಗೆ ಮನೆಮನೆ ತಿರುಗಿದವರೂ ಅವರೇ. ಯಾವ ಮನೆಯಿಂದ ಎಷ್ಟು ಜನ, ಯಾವ ಮೇಸ್ತ್ರಿಯ ಜೊತೆ, ಯಾವ ಊರಿನ ಹೊಲಕ್ಕೆ ಹೊರಟರೆಂದು ಲಾರಿ ಕದಲುವ ಮುನ್ನ ಬರೆದಿಟ್ಟುಕೊಳ್ಳಲು ಹೊಸ ಕಾಯಿದೆಯೂ ಬೇಕಿರಲಿಲ್ಲ, ಹೊಸ ಹಣವೂ ಬೇಕಿರಲಿಲ್ಲ. ಆ ಪಟ್ಟಿ ಇದ್ದರೆ ಪಡಿತರ ಅಲ್ಲಿಗೆ ಹೋಗಬಹುದಿತ್ತು, ಜ್ವರ ಬಂದವನನ್ನು ಹುಡುಕಬಹುದಿತ್ತು, ಮತ್ತೆ ಬೀಗ ಬಿದ್ದರೆ ಕರೆತರುವ ಬಸ್ಸಿಗೆ ದಾರಿ ತಿಳಿಯುತ್ತಿತ್ತು. ಹಾಸ್ಟೆಲಿನ ಒಂದೊಂದು ಕೋಣೆಗೆ ನಾಲ್ಕೈದೇ ಮಕ್ಕಳಾದರೂ ಸರಿ, ಡಿಸೆಂಬರಿಗೆ ಮೊದಲು ಬಾಗಿಲು ತೆರೆದರೆ ಲಾರಿಯಲ್ಲಿ ಅಷ್ಟು ಜಾಗಗಳು ಖಾಲಿ ಉಳಿಯುತ್ತಿದ್ದವು. ಧಾನ್ಯದ ಅವಧಿಯನ್ನು ಉಗಾದಿಯವರೆಗೆ ಚಾಚಿದರೆ ಹೊರಡಬೇಕೋ ಬೇಡವೋ ಎಂದು ತೂಗಿ ನೋಡುವ ಬಿಡುವಾದರೂ ಬಡವನಿಗೆ ಸಿಗುತ್ತಿತ್ತು.

ಅದರ ಮುಂದಿನ ಉಗಾದಿ 2021ರ ಏಪ್ರಿಲ್ 13ಕ್ಕೆ, ಪ್ಲವ ಸಂವತ್ಸರ. ಪ್ಲವ ಎಂದರೆ ದಾಟಿಸುವ ದೋಣಿ. ಇರುಳೆಂಬ ಹೆಸರಿನ ವರ್ಷದಲ್ಲಿ ಇನ್ನು ಉಳಿದಿದ್ದುದು ಆ ಚಳಿಗಾಲ ಒಂದೇ. ಹೊಲದಲ್ಲಿರುವ ಕಡಲೆಯನ್ನು ಇಬ್ಬನಿ ನೋಡಿಕೊಳ್ಳುತ್ತದೆ. ಲಾರಿ ಏರುವವರ ಹೆಸರನ್ನು ಮಾತ್ರ ಮನುಷ್ಯರೇ ಬರೆದಿಡಬೇಕು.