ನಾಲ್ಕು ಊರು, ಒಂದು ಬಾಡಿಗೆ ಮನೆ

ಹೊಸಪೇಟೆಗೆ ಬಂದವರ ಕಣ್ಣು ಸಾಮಾನ್ಯವಾಗಿ ಹಂಪಿಯ ದಾರಿಯ ಮೇಲಿರುತ್ತದೆ, ಇಲ್ಲವೆ ತುಂಗಭದ್ರಾ ಅಣೆಕಟ್ಟಿನ ಮೇಲೆ. ಊರಿನ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿದರೆ ಮಾತ್ರ ಬೇರೊಂದು ನೋಟ ಕಾಣುತ್ತದೆ. ಕೆಳಗೆ ಮನೆಯವರು, ಮೇಲೆ ಬಾಡಿಗೆಯವರು, ಅಲ್ಲಲ್ಲಿ ಗೇಟಿಗೆ ತೂಗುಹಾಕಿದ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ. ನಿವೃತ್ತಿಯ ಹಣ ಕೈಗೆ ಬಂದಾಗ ಹಿರಿಯರ ಬಾಯಲ್ಲಿ ಬರುವ ಮೊದಲ ಮಾತು ಒಂದೇ: ಮೇಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರೆ ಮಕ್ಕಳ ಓದಿನ ಖರ್ಚು ಹುಟ್ಟುತ್ತದೆ.

ಮಾತು ತಪ್ಪಲ್ಲ. ಆದರೆ ಬಾಡಿಗೆ ಮನೆ ಬರೀ ಇಟ್ಟಿಗೆ ಸಿಮೆಂಟಿನ ಮೇಲೆ ನಿಲ್ಲುವುದಿಲ್ಲ. ಆ ನೆಲದ ಮೇಲೆ ಕಟ್ಟಲು ಕಾನೂನಿನ ಒಪ್ಪಿಗೆ ಇದೆಯೇ, ಬಾಡಿಗೆದಾರನ ಸಂಪಾದನೆ ಎಲ್ಲಿಂದ ಬರುತ್ತದೆ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ, ಈ ಮೂರರ ಮೇಲೂ ಅದು ನಿಂತಿರುತ್ತದೆ. ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಹೊಸಪೇಟೆಯಿಂದ ಮೂರು ದಿಕ್ಕಿಗೆ ಬಸ್ಸು ಹತ್ತಿದರೆ ಸಾಕು.

ಹಂಪಿ: ನೆಲದ ಪ್ರಶ್ನೆ

ಮೊದಲ ಬಸ್ಸು ಹಂಪಿಗೆ, ಸುಮಾರು 13 ಕಿಲೋಮೀಟರು. ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಯ ಇಕ್ಕೆಲಗಳಲ್ಲಿ ಕಲ್ಲಿನ ಸಾಲುಮಂಟಪಗಳಿವೆ. 2011ರವರೆಗೆ ಈ ಮಂಟಪಗಳಲ್ಲಿ ಅಂಗಡಿ, ಖಾನಾವಳಿ, ಸಂಸಾರಗಳಿದ್ದವು. ಹಂಪಿ 1986ರಲ್ಲೇ ವಿಶ್ವಪರಂಪರೆಯ ಪಟ್ಟಿಗೆ ಸೇರಿತ್ತು. 2011ರ ಜುಲೈನಲ್ಲಿ ಬುಲ್ಡೋಜರು ಬಂದು ಬಜಾರನ್ನು ತೆರವು ಮಾಡಿತು. ನೂರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಅವರಿಗಾಗಿ ಕಡ್ಡಿರಾಂಪುರದಲ್ಲಿ ಜಾಗ ಗುರುತಿಸಲಾಯಿತು.

ನದಿಯಾಚೆಯ ವಿರೂಪಾಪುರ ಗಡ್ಡೆಯದೂ ಅಂಥದೇ ಕಥೆ. ಭತ್ತದ ಗದ್ದೆಗಳ ನಡುವೆ ಪ್ರವಾಸಿಗರಿಗಾಗಿ ಸಾಲುಸಾಲು ರೆಸಾರ್ಟುಗಳು ಎದ್ದವು. ಆ ಪ್ರದೇಶವನ್ನು ಸಂರಕ್ಷಿತವೆಂದು ಸರ್ಕಾರ 1988ರಲ್ಲೇ ಅಧಿಸೂಚನೆ ಹೊರಡಿಸಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರ ಫೆಬ್ರುವರಿಯಲ್ಲಿ ತೀರ್ಪು ಬಂತು, ಮಾರ್ಚಿನಲ್ಲಿ ಕಟ್ಟಡಗಳು ನೆಲಸಮವಾದವು. ಬಾಡಿಗೆ ಚೆನ್ನಾಗಿ ಬರುತ್ತಿತ್ತು, ಗಿರಾಕಿಗಳಿಗೂ ಬರವಿರಲಿಲ್ಲ. ಕೊರತೆ ಇದ್ದದ್ದು ಕಟ್ಟುವ ಹಕ್ಕಿನಲ್ಲಿ.

ಕರೆಂಟಿನ ಮೀಟರು, ತೆರಿಗೆ ರಸೀದಿ, ಅಂಗಡಿಯ ಪರವಾನಗಿ ಇವೆಲ್ಲ ಇದ್ದರೂ ಹಕ್ಕು ಸಿದ್ಧವಾಗುವುದಿಲ್ಲ. ನೆಲ ತನ್ನದಾಗಿರುವುದು ಒಂದು, ಅದರ ಮೇಲೆ ಕಟ್ಟುವ ಅಪ್ಪಣೆ ಇನ್ನೊಂದು. ಹಂಪಿ ಪ್ರಾಧಿಕಾರದ ಕಾಯ್ದೆ 2002ರದು. ನದಿಯ ಎರಡೂ ದಡದ ಅನೇಕ ಹಳ್ಳಿಗಳು ಅದರ ವ್ಯಾಪ್ತಿಯಲ್ಲಿವೆ. ಆ ಕಡೆ ಅಗ್ಗದ ನಿವೇಶನ ಎಂದು ಯಾರಾದರೂ ತೋರಿಸಿದರೆ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಪ್ರಾಧಿಕಾರದ ಒಪ್ಪಿಗೆಯನ್ನು.

ಸಂಡೂರು: ಸಂಬಳದ ಪ್ರಶ್ನೆ

ಎರಡನೆಯ ಬಸ್ಸು ಬೆಟ್ಟಗಳ ನಡುವೆ ನುಗ್ಗಿ ಸಂಡೂರು ತಲುಪುತ್ತದೆ. ಮಳೆ ಬಿದ್ದಾಗ ಹಸುರು ಹೊದ್ದ ಗುಡ್ಡಗಳು, ನಾರಿಹಳ್ಳದ ಜಲಾಶಯ, ಕುಮಾರಸ್ವಾಮಿ ಬೆಟ್ಟ. ನಡುನಡುವೆ ಅದಿರು ತೋಡಿದ ಕೆಂಪು ಗಾಯ. ಹೊಸ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬಂತು. ಲಾರಿ ಚಾಲಕರು, ಗುತ್ತಿಗೆದಾರರು, ಎಂಜಿನಿಯರುಗಳು ಬಂದಿಳಿದರು. ಸಂಡೂರು, ಹೊಸಪೇಟೆಗಳಲ್ಲಿ ಬಾಡಿಗೆ ಏರಿತು. ಸಾಲ ತಂದು ಮನೆ ಕಟ್ಟಿದವರೂ ಇದ್ದರು.

2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮರುವರ್ಷದ ಜುಲೈನಲ್ಲಿ, ಅಂದರೆ ಹಂಪಿ ಬಜಾರು ತೆರವಾದ ತಿಂಗಳಲ್ಲೇ, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟು ತಡೆ ಹಾಕಿತು. ಲಾರಿಗಳು ನಿಂತವು, ಬಾಡಿಗೆದಾರರು ಊರು ಬಿಟ್ಟರು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಮುಂದೆ ನಿಯಮ ಪಾಲಿಸಿದ ಗಣಿಗಳು ಮಿತಿಯೊಳಗೆ ಮತ್ತೆ ಶುರುವಾದವು. ಆದರೆ ಒಂದೇ ಕಂಬದ ಮೇಲೆ ಹಾಕಿದ ಚಪ್ಪರ ಆ ಕಂಬ ಅಲುಗಿದರೆ ಬೀಳುತ್ತದೆ. ಬೀದಿಯ ಎಲ್ಲ ಬಾಡಿಗೆದಾರರ ಅನ್ನ ಒಂದೇ ಉದ್ಯಮದಿಂದ ಬರುತ್ತಿದ್ದರೆ ಆ ಬೀದಿಯ ಮನೆಗಳೆಲ್ಲ ಒಟ್ಟಿಗೇ ಖಾಲಿಯಾಗುತ್ತವೆ.

ಕಂಪ್ಲಿ: ನೀರಿನ ಪ್ರಶ್ನೆ

ಮೂರನೆಯ ಬಸ್ಸು ಭತ್ತದ ನಾಡಿಗೆ. ಕಂಪ್ಲಿ ಈಗ ತಾಲ್ಲೂಕು ಕೇಂದ್ರ; ಶಿಕ್ಷಕರು, ಕಚೇರಿ ನೌಕರರು, ವ್ಯಾಪಾರಿಗಳು ಬಾಡಿಗೆಗೆ ಮನೆ ಹುಡುಕುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಹೊಳೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿಯ ಕಡೆಯ ಸೇತುವೆ ಮುಳುಗುತ್ತದೆ, ಕೋಟೆ ಭಾಗದ ತಗ್ಗಿನ ಮನೆಗಳ ಹೊಸ್ತಿಲಿಗೆ ಹೊಳೆ ಬರುತ್ತದೆ. 2019ರ ಆಗಸ್ಟಿನಲ್ಲಿ ಹಾಗಾಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಹೊಳೆದಂಡೆಯವರಿಗೆ ನಿದ್ದೆ ಇರಲಿಲ್ಲ. ಬೇಸಿಗೆಯಲ್ಲಿ ನಿವೇಶನ ನೋಡಿದರೆ ಇದು ತಿಳಿಯದು. ಮಳೆಗಾಲದಲ್ಲಿ ಹೋಗಿ ನೋಡಬೇಕು, ಪಕ್ಕದ ಮನೆಯ ಗೋಡೆಯ ಮೇಲಿನ ನೀರಿನ ಗೆರೆಯನ್ನು ಓದಬೇಕು.

ಮತ್ತೆ ಹೊಸಪೇಟೆ: ಲೆಕ್ಕದ ಪ್ರಶ್ನೆ

2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ಹೊಸಪೇಟೆ ಅದರ ಕೇಂದ್ರವಾಯಿತು. ಕಚೇರಿಗಳು ಬಂದವು, ಜೊತೆಗೆ ನೌಕರರೂ ಬಂದರು. ಕಾರ್ಖಾನೆ, ಕಾಲೇಜು, ಪ್ರವಾಸೋದ್ಯಮ ಎಲ್ಲವೂ ಇಲ್ಲಿರುವುದರಿಂದ ಚಪ್ಪರಕ್ಕೆ ಕಂಬಗಳು ಹೆಚ್ಚು. ಆದರೂ ಲೆಕ್ಕ ಹಾಕದೆ ಇಳಿಯುವಂತಿಲ್ಲ.

ಒಂದು ಉದಾಹರಣೆ ನೋಡಿ. ನಿವೇಶನ, ಕಟ್ಟಡ ಸೇರಿ 40 ಲಕ್ಷ ರೂಪಾಯಿ. ಬಾಡಿಗೆ ತಿಂಗಳಿಗೆ 10,000. ವರ್ಷದಲ್ಲಿ ಎರಡು ತಿಂಗಳು ಖಾಲಿ ಇದ್ದರೆ ಬರುವುದು ಒಂದು ಲಕ್ಷ. ತೆರಿಗೆ, ಸುಣ್ಣಬಣ್ಣ, ಮೋಟಾರು ರಿಪೇರಿಗೆ 20,000 ಕಳೆದರೆ ಉಳಿಯುವುದು 80,000, ಅಂದರೆ ನೂರಕ್ಕೆ ಎರಡು. ಇದರಲ್ಲಿ 20 ಲಕ್ಷ ಸಾಲವಾಗಿದ್ದು ಬಡ್ಡಿ ಶೇಕಡಾ 9 ಇದ್ದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 1,80,000. ಬಾಡಿಗೆಯಿಂದಲೇ ಸಾಲ ತೀರುತ್ತದೆ ಎಂಬುದು ಇಲ್ಲಿ ಸುಳ್ಳಾಗುತ್ತದೆ. ಮನೆಯ ಬೆಲೆ ಮುಂದೆ ಏರಬಹುದು, ಆದರೆ ಏರಿದ ಬೆಲೆಯಿಂದ ಈ ವರ್ಷದ ಕಾಲೇಜು ಶುಲ್ಕ ಕಟ್ಟಲಾಗದು.

ಕಾಗದಪತ್ರಗಳ ವಿಷಯಕ್ಕೆ ಬಂದರೆ ಕ್ರಯಪತ್ರ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ ಇವನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯಬೇಕು. ಖಾತೆ ಎಂಬುದು ತೆರಿಗೆಯ ದಾಖಲೆ, ಅದೊಂದೇ ಒಡೆತನದ ಪುರಾವೆಯಲ್ಲ. ಬಾಡಿಗೆದಾರನು ಎಷ್ಟೇ ಪರಿಚಿತನಾದರೂ ಲಿಖಿತ ಕರಾರು ಬೇಕು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. 11 ತಿಂಗಳ ಕರಾರು ರೂಢಿಗೆ ಬಂದದ್ದು ಈ ಕಾರಣದಿಂದ. ಮುಂಗಡ ಎಷ್ಟು, ರಿಪೇರಿ ಯಾರದು, ಮನೆ ಬಿಡಲು ಎಷ್ಟು ದಿನದ ಸೂಚನೆ ಎಂಬುದು ಅದರಲ್ಲಿದ್ದರೆ ಮುಂದಿನ ಜಗಳ ಅರ್ಧ ತಪ್ಪಿದಂತೆ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಮನೆಯಲ್ಲಿ ನಿವೇಶನದ ಮಾತು ಎದ್ದಾಗ ಕಾಗದ, ಪೆನ್ಸಿಲು ಹಿಡಿದು ಅಪ್ಪ ಅಮ್ಮನ ಜೊತೆ ಕುಳಿತುಕೊಳ್ಳಲಿ. ಶೇಕಡಾವಾರು ಲೆಕ್ಕ ಪರೀಕ್ಷೆಯಲ್ಲಿ ತಪ್ಪಿದರೆ ಎರಡು ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಹೋಗುವುದು ಹಿರಿಯರು ಮೂವತ್ತು ವರ್ಷ ದುಡಿದು ಕೂಡಿಟ್ಟ ಹಣ.