ಇಂಜಿನ್ನಿನ ಕಿವಿಯ ವಿಚಾರ

ಘಾಟಿ ರಸ್ತೆಯಲ್ಲಿ ಪೆಟ್ರೋಲ್ ಕಾರು ಓಡಿಸಿದವರಿಗೆ ಈ ಸದ್ದು ಗೊತ್ತೇ ಇರುತ್ತದೆ. ಗುಂಡ್ಯ ದಾಟಿ ಶಿರಾಡಿಯ ಏರು ಶುರುವಾಗಿದೆ, ಮುಂದೆ ಗ್ಯಾಸ್ ಟ್ಯಾಂಕರು. ಗೇರು ಇಳಿಸಬೇಕಾದ ಕಡೆ ಇಳಿಸದೆ ಆಕ್ಸಿಲರೇಟರ್ ತುಳಿದಿರೋ, ಬಾನೆಟ್ಟಿನೊಳಗಿಂದ ಕಿಟಿಕಿಟಿ ಅಂತ ಲೋಹದ ಸದ್ದು ಏಳುತ್ತದೆ. ಗ್ಯಾರೇಜಿನವರು ಅದನ್ನು ನಾಕಿಂಗ್ ಅನ್ನುತ್ತಾರೆ. ಸ್ಪಾರ್ಕ್ ಪ್ಲಗ್ ಹಚ್ಚಿದ ಬೆಂಕಿ ಸಿಲಿಂಡರಿನಲ್ಲಿ ಒಂದು ಕಡೆಯಿಂದ ಹಬ್ಬಿಕೊಂಡು ಹೋಗಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲು-ಗಾಳಿ ಒತ್ತಡಕ್ಕೂ ಬಿಸಿಗೂ ತಾನಾಗಿ ಹೊತ್ತಿಕೊಂಡರೆ, ಆ ಪೆಟ್ಟಿಗೆ ಇಂಜಿನ್ನಿನ ಗೋಡೆಯೇ ಅದುರುತ್ತದೆ. ಆ ಅದುರಾಟವೇ ನಮಗೆ ಕೇಳುವ ಕಿಟಿಕಿಟಿ. ಹಾಗೇ ಬಿಟ್ಟರೆ ಪಿಸ್ಟನ್ನಿಗೇ ಕುತ್ತು.

ಈ ಸದ್ದಿನ ಬೆನ್ನು ಹತ್ತಿದವರು ಎಂಥೆಂಥವರು ಅಂತೀರಿ! 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿ ಅದನ್ನು ಅಡಗಿಸಿದ. ಸದ್ದೇನೋ ನಿಂತಿತು, ಆದರೆ ಸೀಸದ ಹೊಗೆ ದೇಶದೇಶಗಳ ರಸ್ತೆಗಳನ್ನು ತುಂಬಿತು. ನಮ್ಮ ಬಂಕುಗಳಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ. ಅಲ್ಲಿಯವರೆಗೆ ಎಷ್ಟು ಮಕ್ಕಳು ಆ ಗಾಳಿ ಕುಡಿದರೋ, ನೆನೆದರೆ ಹೊಟ್ಟೆ ಉರಿಯುತ್ತದೆ. ಇರಲಿ, ಈ ಸದ್ದನ್ನು ಕೇಳಿಸಿಕೊಳ್ಳುವ ಸೆನ್ಸರಿನ ಮಾತಿಗೆ ಬರೋಣ.

ಬರುವ ಮೊದಲು ಪದ್ಮಿನಿ ಕಾರನ್ನು ನೆನೆಯದೆ ಮುಂದೆ ಹೋಗಲಾರೆ. ಅದರಲ್ಲಿ ಸೆನ್ಸರ್ ಎಲ್ಲಿಂದ ಬರಬೇಕು? ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರನ್ನು ಸಡಿಲ ಮಾಡಿ, ಕೈಯಲ್ಲೇ ಕೂದಲೆಳೆಯಷ್ಟು ತಿರುಗಿಸಿ, ಏರಿನಲ್ಲಿ ಒಂದು ಸುತ್ತು ಓಡಿಸಿ, ಸದ್ದು ಬಂದರೆ ಮತ್ತೆ ಹಿಂದಕ್ಕೆ ತಿರುಗಿಸುತ್ತಿದ್ದ. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ, ಅಷ್ಟೇ ಅವನ ಉಪಕರಣ. ಅಂಥವನ ಕಿವಿಯನ್ನೇ ಬೋಲ್ಟ್ ಹಾಕಿ ಇಂಜಿನ್ನಿಗೆ ಕೂರಿಸಿದರೆ ಹೇಗೋ ಹಾಗೆ ಈ ನಾಕ್ ಸೆನ್ಸರ್. 1978ರ ಟರ್ಬೊ ಬ್ಯೂಕ್ ಕಾರುಗಳಲ್ಲಿ ಆಗಲೇ ಇದು ಇತ್ತು. ಇದರೊಳಗೆ ಇರುವುದು ಒಂದು ಪುಟ್ಟ ಸೆರಾಮಿಕ್ ಬಿಲ್ಲೆ. ಅದುರಿಸಿದರೆ ವಿದ್ಯುತ್ ಹುಟ್ಟುತ್ತದೆ. ಕೆಲವು ಹರಳುಗಳಿಗೆ ಈ ಗುಣವಿದೆ ಎಂದು ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ 1880ರಲ್ಲೇ ತೋರಿಸಿದ್ದರು. ಅಡುಗೆಮನೆಯ ಗ್ಯಾಸ್ ಲೈಟರು ಟಕ್ ಅಂದಾಗ ಹಾರುವ ಕಿಡಿಯೂ ಇದರದ್ದೇ.

ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕಿನೊಳಗೂ ಸಾಮಾನ್ಯವಾಗಿ ಇದೇ ಬಿಲ್ಲೆ. ಕಛೇರಿ ಶುರುವಾಗುವ ಮುಂಚೆ ವೈಣಿಕರು ಆ ಮೈಕನ್ನು ಹಿಡಿದುಕೊಂಡು ಕುದುರೆಯ ಸುತ್ತಮುತ್ತ ಜಾಗ ಹುಡುಕುವುದನ್ನು ನೋಡಿದ್ದೀರಾ? ಒಂದಿಂಚು ಆಚೀಚೆ ಆದರೆ ನಾದವೇ ಬೇರೆ. ನನಗಂತೂ ಆ ಹುಡುಕಾಟ ನೋಡುವುದು ಆಲಾಪನೆಯಷ್ಟೇ ಇಷ್ಟ.

ಇಂಜಿನ್ನಿನಲ್ಲೂ ಜಾಗದ್ದೇ ಪಂಚಾಯಿತಿ. ನಾಲ್ಕು ಸಿಲಿಂಡರಿನ ಕಾರಾದರೆ ಸಾಮಾನ್ಯವಾಗಿ ಎರಡು ಮತ್ತು ಮೂರನೆಯದರ ನಡುವೆ, ಬ್ಲಾಕಿನ ಮೈಗೇ ಕೂರಿಸುತ್ತಾರೆ, ನಾಲ್ಕರ ಸದ್ದೂ ಕೇಳಲಿ ಅಂತ. ಕೇಳುವುದಕ್ಕೆ ಒಳ್ಳೆಯ ಜಾಗವೇ, ಬಿಚ್ಚುವವನಿಗೆ ಮಾತ್ರ ಕಷ್ಟ. ಎಷ್ಟೋ ಕಾರುಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಅದರ ಮೇಲೇ ಕೂತಿರುತ್ತದೆ. ಅಮೆರಿಕದಲ್ಲಿ ಷೆವ್ರೊಲೆಯ ವಿ8 ಪಿಕಪ್ಪುಗಳ ಒಂದು ತಲೆಮಾರಿನಲ್ಲಿ ಮ್ಯಾನಿಫೋಲ್ಡಿನ ಅಡಿಯ ಗುಳಿಗಳಲ್ಲಿ ಸೆನ್ಸರ್ ಇಟ್ಟಿದ್ದರು. ಹಿಂದಿನ ಗುಳಿಗೆ ನೀರಿಳಿದು ಸೆನ್ಸರಿಗೆ ತುಕ್ಕು ಹಿಡಿಯುತ್ತಿತ್ತು. ಅಲ್ಲಿನ ಮೆಕ್ಯಾನಿಕ್ಕುಗಳು ಹೊಸದು ಹಾಕುವಾಗ ಗುಳಿಯ ಸುತ್ತ ಸಿಲಿಕೋನಿನ ಕಟ್ಟೆ ಕಟ್ಟುವುದನ್ನು ಕಲಿತರು.

ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದಾಗ ಸ್ಕ್ಯಾನರ್ ಹಾಕಿದವರು ತೋರಿಸಿದ್ದು ಪಿ 0325. ನಾಕ್ ಸೆನ್ಸರಿನ ಸರ್ಕಿಟ್ ಕೆಟ್ಟಿದೆ ಅಂತ ಅದರ ಅರ್ಥ. ಪಿಕಪ್ಪೂ ಸತ್ತಿತ್ತು. ಸೆನ್ಸರಿನಿಂದ ಸುದ್ದಿ ಬರದಿದ್ದರೆ ಕಂಪ್ಯೂಟರು ಯಾವುದಕ್ಕೂ ಇರಲಿ ಎಂದು ಸ್ಪಾರ್ಕನ್ನು ತಡವಾಗಿ ಕೊಡುತ್ತದೆ, ಇಂಜಿನ್ ಉಳಿಯುತ್ತದೆ, ಶಕ್ತಿ ಇಳಿಯುತ್ತದೆ. ಕೋಡ್ ಕಂಡ ಕೂಡಲೇ ಸೆನ್ಸರ್ ಬದಲಿಸುವವರು ಬಹಳ ಜನ. ನಮ್ಮ ಮೆಕ್ಯಾನಿಕ್ ಭಾಯಿ ಹಾಗಲ್ಲ. "ಸರ್ಕಿಟ್ ಅಂದ್ರೆ ವೈರೂ ಸೇರ್ತು ಸಾರ್. ತಡೀರಿ," ಅಂದರು. ಕೆಳಗಿಂದ ಕೈ ತೂರಿಸಿ ಕನೆಕ್ಟರ್ ಬಿಡಿಸಿ, ಸೆನ್ಸರಿನ ಎರಡು ಪಿನ್ನಿಗೆ ಮೀಟರ್ ಕೊಟ್ಟು, ಎಸಿ ಮಿಲಿವೋಲ್ಟಿಗೆ ಇಟ್ಟು, ಹತ್ತರ ಸ್ಪ್ಯಾನರಿನಿಂದ ಬ್ಲಾಕಿನ ಮೇಲೆ ಮೆತ್ತಗೆ ತಟ್ಟಿದರು. ಸೆನ್ಸರಿನ ಮೇಲಲ್ಲ, ಅದರ ಪಕ್ಕ. ತಟ್ಟಿದಾಗಲೆಲ್ಲ ಅಂಕಿ ಮೇಲೆದ್ದು ಮಲಗಿತು. ಸೆನ್ಸರಿಗೆ ಜೀವವಿತ್ತು!

ಇನ್ನೂ ಸೋಜಿಗದ ಮಾತು ಕೇಳಿ. ಸಾಮಾನ್ಯ ಕಾರುಗಳಲ್ಲಿ ನಾಕಿಂಗಿನ ಸದ್ದು ಸುಮಾರು 6ರಿಂದ 7 ಕಿಲೋಹರ್ಟ್ಸ್. ಕಂಪ್ಯೂಟರು ಆ ಸ್ವರವನ್ನು ಹುಡುಕುತ್ತದೆ, ಅದೂ ಒಂದೊಂದು ಸಿಲಿಂಡರಿನಲ್ಲಿ ಬೆಂಕಿ ಹತ್ತಿದ ಮೇಲಿನ ಚಿಕ್ಕ ಗಳಿಗೆಯಲ್ಲಿ ಮಾತ್ರ. ಹಾಗಾಗಿ ಕುಟ್ಟುತ್ತಿರುವುದು ಯಾವ ಸಿಲಿಂಡರ್ ಅಂತಲೂ ಅದಕ್ಕೆ ತಿಳಿಯುತ್ತದೆ. ಸಡಿಲವಾದ ಬ್ರಾಕೆಟ್ಟೊಂದು ಅದೇ ಸ್ವರದಲ್ಲಿ ಅದುರಿದರೆ ಮೋಸ ಹೋಗುವುದೂ ಉಂಟು.

ನಿಜಕ್ಕೂ ಬದಲಿಸಬೇಕಾಗಿ ಬಂದರೆ ಕೆಲಸ ಚಿಕ್ಕದೇ, ಒಂದೇ ಬೋಲ್ಟು. ಆದರೆ ಅದರಲ್ಲಿ ಶ್ರದ್ಧೆ ಬೇಕು. ಬ್ಲಾಕಿನ ಮೈ ಒರೆಸಿ ಚೊಕ್ಕ ಮಾಡಬೇಕು, ವಾಷರ್ ಹಾಕಬಾರದು. ನಡುವೆ ತೂತಿರುವ ಬಳೆಯಾಕಾರದ ಸೆನ್ಸರುಗಳನ್ನು ಸಾಮಾನ್ಯವಾಗಿ 20 ನ್ಯೂಟನ್ ಮೀಟರಿಗೆ ಬಿಗಿಯಬೇಕು, ಅದೂ ಟಾರ್ಕ್ ರೆಂಚಿನಲ್ಲಿ. ಆ ಬಿಗಿಯೇ ಬಿಲ್ಲೆಗೆ ಶ್ರುತಿ. ಹೆಚ್ಚಾದರೂ ಕಡಿಮೆಯಾದರೂ ಸೆನ್ಸರು ಸುಳ್ಳು ಹೇಳುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿದ್ದರೆ ಗ್ಯಾಸ್ಕೆಟ್ಟೂ ಹೊಸದೇ ಆಗಲಿ. ಇಷ್ಟೆಲ್ಲ ಆದಮೇಲೂ ಕಿಟಿಕಿಟಿ ಹೋಗಲಿಲ್ಲವೇ? ಹಾಗಾದರೆ ಪೆಟ್ರೋಲನ್ನೋ, ಪಿಸ್ಟನ್ನಿನ ಮೇಲಿನ ಕರಿಯನ್ನೋ, ಇಂಜಿನ್ನಿನ ಬಿಸಿಯನ್ನೋ ನೋಡಬೇಕು.

ನಮ್ಮ ಕಾರಿನಲ್ಲಿ ಕೊನೆಗೆ ಸಿಕ್ಕಿದ್ದು ಇಲಿ ಕಡಿದ ವೈರು. ಶೆಡ್ಡಿನಲ್ಲಿ ಭತ್ತದ ಮೂಟೆ ಇಟ್ಟ ಮೇಲೆ ಇಲಿಗಳಿಗೆ ಬೆಚ್ಚಗಿನ ಇಂಜಿನ್ನೇ ಮನೆ. ಡಾಂಬರು ಗುಳಿಗೆ ಇಡಿ ಅನ್ನುವವರಿದ್ದಾರೆ. ಭಾಯಿಯ ನಂಬಿಕೆ ಹೊಗೆಸೊಪ್ಪಿನ ಮೇಲೆ, ಅದೂ ಘಾಟು ಹೋಗದ ಹೊಸ ಎಲೆ. ಹುಣಸೂರಿನ ಕಡೆ ನಮ್ಮ ಬೀಗರಿದ್ದಾರೆ, ಒಂದು ಕಟ್ಟು ಕಳಿಸಿಕೊಡಿ ಎಂದು ಫೋನು ಮಾಡಿದ್ದೇನೆ.