ನಿಲ್ಲಿಸುವ ಧೈರ್ಯ

ಹಲಗೆಗೆ ಹಾಯಿ ಕಟ್ಟಿ, ಅದರ ಮೇಲೆ ನಿಂತು ಗಾಳಿಯ ಬಲದಿಂದ ನೀರಿನಲ್ಲಿ ಸಾಗುವ ಆಟಕ್ಕೆ ವಿಂಡ್‌ಸರ್ಫಿಂಗ್ ಎನ್ನುವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಮೊದಲು ಸ್ಥಾನ ದೊರೆಯಿತು. ವ್ಯಾಕರಣ ಛಂದಸ್ಸುಗಳಲ್ಲಿಯೇ ಕಾಲ ಕಳೆದ ನನಗೆ ಅದರ ಪರಿಚಯವಾದುದು, ಗೋವೆಯಲ್ಲಿ ಹವ್ಯಾಸಿಗಳ ಪಂದ್ಯಮಾಲೆಯನ್ನು ಏರ್ಪಡಿಸಿದ್ದ ಶಿಷ್ಯನೊಬ್ಬನಿಂದ.

ಪಂದ್ಯಕ್ಕಿಂತ ಅದರ ಸಿದ್ಧತೆಯೇ ನನ್ನ ಮನಸ್ಸನ್ನು ಸೆಳೆಯಿತು. ಎದುರುಗಾಳಿಗೆ ಹಾಯಿ ನೇರವಾಗಿ ಸಾಗದು; ಆದುದರಿಂದ ಮೊದಲ ತೇಲುಗುರುತನ್ನು ಗಾಳಿ ಬರುವ ದಿಕ್ಕಿಗೇ ನೆಟ್ಟು, ಸ್ಪರ್ಧಿಗಳು ಓರೆಯೋರೆಯಾಗಿ ಏರುವಂತೆ ಮಾಡುವರು. ಆರಂಭಕ್ಕೆ 5 ನಿಮಿಷ ಮೊದಲು ಎಚ್ಚರಿಕೆಯ ಧ್ವಜ, 4 ನಿಮಿಷ ಮೊದಲು ಸಿದ್ಧತೆಯ ಧ್ವಜ. ಮೊದಲಿಗನಿಗೆ 1 ಅಂಕ, ಎರಡನೆಯವನಿಗೆ 2. ಮೊತ್ತ ಕಡಿಮೆಯಾದವನೇ ವಿಜಯಿ.

ಅತಿಥಿಗಳ ಅನುಕೂಲಕ್ಕಾಗಿ ಹೊಸಬರ ಪಂದ್ಯವನ್ನು ಬೆಳಗ್ಗೆಯೇ ಇರಿಸಿದ್ದರು. ದಡದ ನೀರು ಶಾಂತವಾಗಿತ್ತು; ದಾನಿಗಳು ಬಂದು ಕುಳಿತಿದ್ದರು. ಆದರೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿತ್ತು. ರಕ್ಷಣೆಯ ಎರಡು ದೋಣಿಗಳಲ್ಲಿ ಒಂದರ ಎಂಜಿನ್ ಕೆಟ್ಟಿತ್ತು.

“ಗುರುಗಳೇ, ಈ ಗಾಳಿ ಹುಡುಗರನ್ನು ಸುಲಭವಾಗಿ ಒಯ್ಯುತ್ತದೆ, ಹಿಂದಿರುಗಲು ಬಿಡುವುದಿಲ್ಲ” ಎಂದು ಶಿಷ್ಯನು ಮುಂದೂಡಿಕೆಯನ್ನು ಸೂಚಿಸುವ ಕೆಂಪು ಬಿಳಿ ಪಟ್ಟೆಗಳ ಧ್ವಜವನ್ನೇರಿಸಿದನು. ಅಸಮಾಧಾನದ ಮಾತುಗಳನ್ನು ತಲೆಬಾಗಿ ಕೇಳಿಕೊಂಡನು. ಧ್ವಜವನ್ನು ಮಾತ್ರ ಇಳಿಸಲಿಲ್ಲ. ಮಧ್ಯಾಹ್ನ ಕಡಲಗಾಳಿ ಎದ್ದು, ದೋಣಿ ದುರಸ್ತಿಯಾದ ಮೇಲೆಯೇ ಪಂದ್ಯ ನಡೆಯಿತು. ನೀರಿಗಿಳಿದವರೆಲ್ಲರೂ ದಡ ಸೇರಿದರು.

ಬಹುಮಾನದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಆದರೂ ಪರರ ಮಕ್ಕಳ ಹೊಣೆ ಹೊತ್ತ ನಮ್ಮಂತಹ ಉಪಾಧ್ಯಾಯರು ಅವನಿಂದ ಕಲಿಯಬೇಕಾದುದುಂಟು. ಕಾರ್ಯವನ್ನು ನಡೆಸುವ ಉತ್ಸಾಹ ಅನೇಕರಲ್ಲಿದ್ದೀತು. ಹೊತ್ತರಿತು ನಿಲ್ಲಿಸುವ ಧೈರ್ಯವಿರುವವರು ವಿರಳ.